ಕೆರೆಯ ಉಸಿರು

ಕನ್ನಡ ನಾಡಿನ ಬದುಕು ಬಹು ಹಿಂದಿನಿಂದಲೂ ಕೆರೆಗಳನ್ನು ಆಶ್ರಯಿಸಿ ಬೆಳೆದುಬಂದಿದೆ. ಕೆರೆಯನ್ನು ಕಟ್ಟಿಸುವುದು ಪುಣ್ಯಕಾರ್ಯವೆಂದು ಹಿರಿಯರು ಭಾವಿಸಿದ್ದರು. ಅರಸರು, ದಂಡನಾಯಕರು, ವರ್ತಕರು, ಊರ ಗೌಡರು ಕಟ್ಟಿಸಿದ ಕೆರೆಗಳ ಸಂಗತಿಯನ್ನು ನೂರಾರು ಶಾಸನಗಳು ಸಾರುತ್ತವೆ. ತೊಣ್ಣೂರು ಕೆರೆ, ಶಾಂತಿಸಾಗರ ಮೊದಲಾದವು ಶತಮಾನಗಳು ಉರುಳಿದರೂ ಇಂದಿಗೂ ಜನರಿಗೆ ಆಸರೆಯಾಗಿವೆ. ಏರಿ, ತೂಬು, ಕೋಡಿ, ಕಾಲುವೆ ಇವು ಕೆರೆಯ ಅಂಗಗಳೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮಣ್ಣಿನ ಏರಿಯ ಹಿಂದೆ ನಿಂತ ನೀರಿನ ರಾಶಿಯಷ್ಟೇ ಕೆರೆಯೆಂದು ತಿಳಿದರೆ ಅದರ ಅರ್ಧ ಭಾಗವನ್ನು ಮಾತ್ರ ತಿಳಿದಂತಾಗುತ್ತದೆ. ಕೆರೆಯು ಅಸಂಖ್ಯ ಜೀವಿಗಳು ಒಂದನ್ನೊಂದು ನೆಚ್ಚಿಕೊಂಡು ಬಾಳುವ ಒಂದು ಸಂಸಾರ. ಆ ಸಂಸಾರಕ್ಕೆ ಆಹಾರ ಬೇಕು, ಉಸಿರಾಡಲು ಆಮ್ಲಜನಕ ಬೇಕು. ಆಹಾರವು ಹಿತವಾಗಿ ದೊರೆತಾಗ ಅದು ಏಳಿಗೆ ಹೊಂದುತ್ತದೆ. ಮಿತಿಮೀರಿ ಬಂದಾಗ ಉಸಿರು ಕಟ್ಟಿ ನರಳುತ್ತದೆ.

ಕೆರೆಯ ಸಂಸಾರದಲ್ಲಿ ಮೂರು ಬಗೆಯ ಸದಸ್ಯರಿದ್ದಾರೆ. ಮೊದಲನೆಯವರು ಉತ್ಪಾದಕರು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು, ತಳದಲ್ಲಿ ಬೇರೂರಿದ ಜಲಸಸ್ಯಗಳು, ಅಂಚಿನಲ್ಲಿ ಬೆಳೆಯುವ ಜೊಂಡು ಈ ವರ್ಗಕ್ಕೆ ಸೇರಿವೆ. ಇವು ಸೂರ್ಯನ ಬೆಳಕಿನ ನೆರವಿನಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಬಳಸಿ ಆಹಾರವನ್ನು ತಯಾರಿಸುತ್ತವೆ. ಆ ಕ್ರಿಯೆಯಲ್ಲಿ ಆಮ್ಲಜನಕವನ್ನು ಹೊರಬಿಡುತ್ತವೆ. ಎರಡನೆಯವರು ಭಕ್ಷಕರು. ಪಾಚಿಯನ್ನು ಡಾಫ್ನಿಯದಂಥ ಅತಿ ಸಣ್ಣ ನೀರುಚಿಗಟಗಳು ತಿನ್ನುತ್ತವೆ. ಅವುಗಳನ್ನು ಮರಿಮೀನುಗಳು, ಮರಿಮೀನುಗಳನ್ನು ದೊಡ್ಡ ಮೀನುಗಳು, ದೊಡ್ಡ ಮೀನುಗಳನ್ನು ನೀರುಕಾಗೆ, ಬೆಳ್ಳಕ್ಕಿಗಳು ತಿನ್ನುತ್ತವೆ. ಮೂರನೆಯವರು ಕೊಳೆಸುವವರು. ಸತ್ತ ಎಲೆ, ಸತ್ತ ಮೀನು, ಹಕ್ಕಿಯ ಹಿಕ್ಕೆ, ಬಾಡಿದ ಪಾಚಿ ಇವೆಲ್ಲವನ್ನೂ ಒಡೆದು ಮತ್ತೆ ಸರಳ ವಸ್ತುಗಳನ್ನಾಗಿ ಮಾಡುವ ಕಾರ್ಯ ಇವರದು. ಈ ಮೂರನೆಯ ವರ್ಗದಲ್ಲಿ ಬ್ಯಾಕ್ಟೀರಿಯಗಳಿಗೆ ಅಗ್ರಸ್ಥಾನ.

ಬ್ಯಾಕ್ಟೀರಿಯವೆಂದೊಡನೆ ರೋಗದ ನೆನಪಾಗುವುದು ಸಹಜ. ಕಾಲರಾ, ವಿಷಮಶೀತಜ್ವರ ಮುಂತಾದ ಕಾಯಿಲೆಗಳನ್ನು ತರುವ ಬ್ಯಾಕ್ಟೀರಿಯಗಳು ಮಲಿನ ನೀರಿನ ಮೂಲಕ ಹರಡುತ್ತವೆಂಬುದು ನಿಜ. ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಎಶರೀಕಿಯ ಕೋಲಿ ಎಂಬ ಬ್ಯಾಕ್ಟೀರಿಯವು ನೀರಿನಲ್ಲಿ ಕಂಡುಬಂದರೆ, ಆ ನೀರಿಗೆ ಮಲ ಬೆರೆತಿದೆಯೆಂದು ಪರೀಕ್ಷಕರು ನಿರ್ಧರಿಸುತ್ತಾರೆ. ಆದರೆ ಕೆರೆಯಲ್ಲಿ ಸಹಜವಾಗಿ ನೆಲೆಸಿರುವ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ನಿರುಪದ್ರವಿಗಳು. ನಿರ್ಮಲವಾಗಿ ತೋರುವ ಕೆರೆಯ ಒಂದು ಮಿಲಿಲೀಟರ್ ನೀರಿನಲ್ಲಿಯೂ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಗಳಿರುವುದು ಸಾಮಾನ್ಯ. ತಳದ ಕೆಸರಿನಲ್ಲಿ ಅವುಗಳ ಸಂಖ್ಯೆ ಇನ್ನೂ ಎಷ್ಟೋ ಪಟ್ಟು ಅಧಿಕ. ಇವು ಇಲ್ಲದೆ ಹೋಗಿದ್ದರೆ ಸತ್ತ ವಸ್ತುಗಳು ಸತ್ತಂತೆಯೇ ಬಿದ್ದಿರುತ್ತಿದ್ದವು. ಅವುಗಳಲ್ಲಿ ಅಡಗಿದ ಪೋಷಕಾಂಶಗಳು ಹೊಸ ಜೀವಿಗಳಿಗೆ ದೊರೆಯುತ್ತಲೇ ಇರಲಿಲ್ಲ.

ಬ್ಯಾಕ್ಟೀರಿಯಗಳ ದುಡಿಮೆಗೆ ಸಾರಜನಕದ ಸಂಚಾರವು ಒಳ್ಳೆಯ ನಿದರ್ಶನ. ಜೀವಿಗಳ ದೇಹದಲ್ಲಿರುವ ಪ್ರೋಟೀನು ಕೊಳೆತಾಗ ಅಮೋನಿಯ ಉಂಟಾಗುತ್ತದೆ. ಅಮೋನಿಯವು ಹೆಚ್ಚಾದರೆ ಮೀನುಗಳಿಗೆ ವಿಷ. ನೈಟ್ರೊಸೊಮೊನಾಸ್ ಮುಂತಾದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೊಬ್ಯಾಕ್ಟರ್ ಮೊದಲಾದವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟನ್ನು ಸಸ್ಯಗಳು ಗೊಬ್ಬರದಂತೆ ಹೀರಿಕೊಳ್ಳುತ್ತವೆ. ಉಳಿದ ನೈಟ್ರೇಟನ್ನು, ಆಮ್ಲಜನಕವಿಲ್ಲದ ಕೆಸರಿನಲ್ಲಿ ವಾಸಿಸುವ ಬೇರೆ ಬ್ಯಾಕ್ಟೀರಿಯಗಳು ಸಾರಜನಕ ಅನಿಲವನ್ನಾಗಿ ಮಾಡಿ ವಾಯುಮಂಡಲಕ್ಕೆ ಹಿಂದಿರುಗಿಸುತ್ತವೆ. ಹೀಗೆ ಒಬ್ಬರ ಕಸ ಮತ್ತೊಬ್ಬರ ಊಟವಾಗುತ್ತ, ಕೆರೆಯು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ.

ಆದರೆ ಈ ಶುಚಿಕಾರ್ಯಕ್ಕೆ ಒಂದು ಬೆಲೆಯುಂಟು. ಸತ್ತ ವಸ್ತುವನ್ನು ಒಡೆಯುವ ಬ್ಯಾಕ್ಟೀರಿಯಗಳು ಮನುಷ್ಯರಂತೆ, ಮೀನುಗಳಂತೆ ಆಮ್ಲಜನಕವನ್ನು ಸೇವಿಸಿ ಉಸಿರಾಡುತ್ತವೆ. ನೀರಿನಲ್ಲಿ ಆಮ್ಲಜನಕದ ದಾಸ್ತಾನು ಬಹಳ ಅಲ್ಪ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. ಒಂದು ಲೀಟರ್ ಗಾಳಿಯಲ್ಲಿರುವ ಆಮ್ಲಜನಕವು ಇದರ ಮೂವತ್ತು ಪಟ್ಟಿಗಿಂತ ಹೆಚ್ಚು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವು ಕಡಿಮೆಯಾಗುತ್ತದೆ. ಈ ಪ್ರಮಾಣವು ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದರೆ ಅನೇಕ ಮೀನುಗಳು ಬಳಲತೊಡಗುತ್ತವೆ. ಆದುದರಿಂದ ಕೆರೆಯಲ್ಲಿ ಆಮ್ಲಜನಕದ ವರವು ಮತ್ತು ವೆಚ್ಚ ಯಾವಾಗಲೂ ಸರಿದೂಗುತ್ತಿರಬೇಕು. ಗಾಳಿ ಮತ್ತು ಪಾಚಿ ತರುವುದು ವರವು. ಎಲ್ಲ ಜೀವಿಗಳ ಉಸಿರಾಟವು ವೆಚ್ಚ.

ನೀರಿನಲ್ಲಿರುವ ಕೊಳೆಯನ್ನು ಜೀರ್ಣಿಸಲು ಬ್ಯಾಕ್ಟೀರಿಯಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣಕ್ಕೆ ಜೈವಿಕ ಆಮ್ಲಜನಕ ಬೇಡಿಕೆ ಎಂದು ಹೆಸರು. ಭಾರತದಲ್ಲಿ ನೀರಿನ ಮಾದರಿಯನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನಗಳ ಕಾಲ ಇರಿಸಿ ಇದನ್ನು ಅಳೆಯುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಈ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮನೆಗಳಿಂದ ಹೊರಬರುವ ಚರಂಡಿ ನೀರಿನಲ್ಲಾದರೋ ಇದು ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂವರೆಗೆ ಇರುತ್ತದೆ. ಎಂದರೆ, ಒಂದು ಲೀಟರ್ ಚರಂಡಿ ನೀರು ಕೆರೆಗೆ ಬಿದ್ದರೆ, ಇಪ್ಪತ್ತೈದರಿಂದ ಮೂವತ್ತೈದು ಲೀಟರ್ ಒಳ್ಳೆಯ ನೀರಿನಲ್ಲಿರುವ ಆಮ್ಲಜನಕವೆಲ್ಲ ಅದನ್ನು ಜೀರ್ಣಿಸುವುದಕ್ಕೇ ಮುಗಿದುಹೋಗುತ್ತದೆ.

ಇದು ಕೆರೆಗೆ ಒದಗುವ ನೇರವಾದ ಹಾನಿ. ಚರಂಡಿ ನೀರಿನಿಂದ ಆಗುವ ಮತ್ತೊಂದು ಹಾನಿ ಮೊದಲಿಗೆ ಕಾಣುವುದಿಲ್ಲ. ಅದು ಪೋಷಕಾಂಶಗಳ ಮೂಲಕ ಬರುತ್ತದೆ. ಸಸ್ಯಗಳ ಬೆಳವಣಿಗೆಗೆ ಇಂಗಾಲ, ಸಾರಜನಕ, ರಂಜಕ ಮುಂತಾದ ಹಲವು ಧಾತುಗಳು ಬೇಕು. ಇವುಗಳಲ್ಲಿ ಯಾವುದು ಅಗತ್ಯಕ್ಕಿಂತ ಅತ್ಯಂತ ಕೊರತೆಯಲ್ಲಿದೆಯೋ ಅದೇ ಬೆಳವಣಿಗೆಯ ಎಲ್ಲೆಯನ್ನು ನಿರ್ಧರಿಸುತ್ತದೆ. ಕಲ್ಲು, ಮರಳು ರಾಶಿ ಬಿದ್ದಿದ್ದರೂ ಸುಣ್ಣವಿಲ್ಲದಿದ್ದರೆ ಗೋಡೆ ಏಳದು, ಸುಣ್ಣವಿದ್ದಷ್ಟೇ ಗೋಡೆ. ಈ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದವನು ಜರ್ಮನಿಯ ರಸಾಯನವಿಜ್ಞಾನಿ ಯೂಸ್ಟುಸ್ ಫಾನ್ ಲೀಬಿಗ್. ಇಂಗಾಲವು ಗಾಳಿಯಿಂದ ನೀರಿಗೆ ಬರುತ್ತದೆ. ಸಾರಜನಕವನ್ನೂ ಗಾಳಿಯಿಂದ ಹಿಡಿದು ತರಬಲ್ಲ ಸೂಕ್ಷ್ಮಜೀವಿಗಳಿವೆ. ರಂಜಕಕ್ಕೆ ಗಾಳಿಯಲ್ಲಿ ಅಂತಹ ಭಂಡಾರವಿಲ್ಲ. ಅದು ಬಂಡೆಗಳಿಂದ ನಿಧಾನವಾಗಿ ಬಿಡುಗಡೆಯಾಗಿ, ಮಳೆನೀರಿನೊಡನೆ ಕೊಂಚಕೊಂಚವಾಗಿ ಕೆರೆಗೆ ಬರುವ ವಸ್ತು. ಸಿಹಿನೀರಿನ ಅನೇಕ ಸರೋವರಗಳಲ್ಲಿ ಪಾಚಿಯನ್ನು ಅಂಕೆಯಲ್ಲಿಟ್ಟಿರುವುದು ಈ ರಂಜಕದ ಅಭಾವವೇ.

ಈ ಮಾತು ಪ್ರಯೋಗದಿಂದ ಸಿದ್ಧಪಟ್ಟದ್ದು ಕೆನಡ ದೇಶದಲ್ಲಿ. ಅಲ್ಲಿನ ಒಂಟೇರಿಯೊ ಪ್ರಾಂತದ ವಾಯವ್ಯ ಭಾಗದಲ್ಲಿ, ಅರಣ್ಯದ ನಡುವೆ ಇರುವ ಹಲವಾರು ಸಣ್ಣ ಸರೋವರಗಳನ್ನು 1968ರಲ್ಲಿ ವೈಜ್ಞಾನಿಕ ಪ್ರಯೋಗಗಳಿಗಾಗಿಯೇ ಮೀಸಲಿಡಲಾಯಿತು. ಅವುಗಳಲ್ಲಿ 226ನೆಯ ಸಂಖ್ಯೆಯ ಸರೋವರವು ನಡುವೆ ಕಿರಿದಾಗಿ, ಎರಡು ಭಾಗಗಳಾಗಿ ಕಾಣುವಂಥದು. ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ 1973ರಲ್ಲಿ ಆ ಕಿರಿದಾದ ಜಾಗದಲ್ಲಿ ಪ್ಲಾಸ್ಟಿಕ್ ಪರದೆಯನ್ನು ಇಳಿಬಿಟ್ಟು ಎರಡು ಭಾಗಗಳನ್ನೂ ಬೇರ್ಪಡಿಸಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕದ ಸಂಯುಕ್ತಗಳನ್ನು ಹಾಕಿದರು. ಮತ್ತೊಂದು ಭಾಗಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದರು. ಕೆಲವು ವಾರಗಳಲ್ಲಿಯೇ ರಂಜಕ ಬಿದ್ದ ಭಾಗವು ಪಾಚಿ ಕಟ್ಟಿ ಹಸಿರಾಯಿತು. ಇನ್ನೊಂದು ಭಾಗವು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಛಾಯಾಚಿತ್ರವು ಯಾವ ವಾದಕ್ಕೂ ಎಡೆಗೊಡದೆ ಸತ್ಯವನ್ನು ಕಣ್ಣಮುಂದೆ ಇಟ್ಟಿತು.

ರಂಜಕವು ಇಂದು ಕೆರೆಗಳಿಗೆ ಯಾವ ದಾರಿಯಿಂದ ಬರುತ್ತದೆ? ಮನುಷ್ಯನ ಮಲಮೂತ್ರಗಳಲ್ಲಿ ಅದು ಇದೆ. ಒಬ್ಬ ವಯಸ್ಕನ ದೇಹದಿಂದ ದಿನವೊಂದಕ್ಕೆ ಒಂದರಿಂದ ಎರಡು ಗ್ರಾಂ ರಂಜಕ ಹೊರಬೀಳುತ್ತದೆ. ಬಟ್ಟೆ ಒಗೆಯುವ ಕೆಲವು ಪುಡಿಗಳಲ್ಲಿ ರಂಜಕದ ಲವಣಗಳು ಸೇರಿರುತ್ತವೆ. ಹೊಲಗಳಿಗೆ ಹಾಕಿದ ರಾಸಾಯನಿಕ ಗೊಬ್ಬರದಲ್ಲಿ ಬೆಳೆ ಹೀರದೆ ಉಳಿದ ಅಂಶವು ಮಳೆಯಲ್ಲಿ ಕೊಚ್ಚಿಬರುತ್ತದೆ. ದನದ ಕೊಟ್ಟಿಗೆಗಳ, ಕೋಳಿ ಸಾಕುವ ಶಾಲೆಗಳ ಗಲೀಜೂ ಇದಕ್ಕೆ ಸೇರುತ್ತದೆ. ಒಂದು ಗ್ರಾಂ ರಂಜಕವು ಅತ್ಯಲ್ಪವೆಂದು ತೋರಬಹುದು. ಪಾಚಿಯ ದೇಹದಲ್ಲಿ ಧಾತುಗಳು ಇರುವ ಪ್ರಮಾಣವನ್ನು ಲೆಕ್ಕ ಹಾಕಿದರೆ, ಒಂದು ಗ್ರಾಂ ರಂಜಕದಿಂದ ಒಣ ತೂಕದಲ್ಲಿ ಸುಮಾರು ನೂರು ಗ್ರಾಂ ಪಾಚಿ ಬೆಳೆಯಬಲ್ಲದು. ಆ ಪಾಚಿ ಸತ್ತು ಪೂರ್ಣವಾಗಿ ಕೊಳೆಯಲು ಸುಮಾರು ನೂರನಲವತ್ತು ಗ್ರಾಂ ಆಮ್ಲಜನಕ ಬೇಕು. ಅಷ್ಟು ಆಮ್ಲಜನಕವು ಹದಿನೇಳು ಸಾವಿರ ಲೀಟರಿಗೂ ಮಿಕ್ಕಿದ ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ಸಮ. ಒಬ್ಬ ವ್ಯಕ್ತಿಯ ಒಂದು ದಿನದ ಕೊಳೆಯಲ್ಲಿ ಇಷ್ಟು ಶಕ್ತಿಯಿದ್ದರೆ, ಲಕ್ಷಾಂತರ ಜನರ ನಗರವೊಂದರ ಕೊಳೆಯು ಒಂದೇ ಕೆರೆಗೆ ಬಿದ್ದಾಗ ಆಗುವ ಪರಿಣಾಮವನ್ನು ಊಹಿಸಬಹುದು.

ಪೋಷಕಾಂಶಗಳು ಹೀಗೆ ಮಿತಿಮೀರಿ ಸೇರುವ ಸ್ಥಿತಿಗೆ ವಿಜ್ಞಾನದಲ್ಲಿ ಅತಿಪೋಷಣೆ ಎಂದು ಹೆಸರು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಮೊದಲು ನೀರಿನ ಬಣ್ಣವು ಬದಲಾಗುತ್ತದೆ. ಪಾಚಿಯು ದಟ್ಟವಾಗಿ ಬೆಳೆದು ಮೇಲ್ಮೈಯನ್ನು ಹಸಿರು ಬಣ್ಣ ಬಳಿದಂತೆ ಮುಚ್ಚುತ್ತದೆ. ಅಂತರಗಂಗೆಯಂಥ ತೇಲುವ ಕಳೆಗಳು ಹಬ್ಬುತ್ತವೆ. ಬೆಳಕು ಆಳಕ್ಕೆ ಇಳಿಯಲಾರದೆ ತಳದ ಸಸ್ಯಗಳು ಸಾಯುತ್ತವೆ. ಆ ಸಸ್ಯಗಳ ನಡುವೆ ಮೊಟ್ಟೆಯಿಡುತ್ತಿದ್ದ ಮೀನುಗಳು, ಅವಿತುಕೊಳ್ಳುತ್ತಿದ್ದ ಮರಿಗಳು ನೆಲೆ ಕಳೆದುಕೊಳ್ಳುತ್ತವೆ.

ಇಂತಹ ನೀರಿನಲ್ಲಿ ಮೇಲುಗೈ ಪಡೆಯುವುದು ಸಾಮಾನ್ಯವಾಗಿ ನೀಲಿಹಸಿರು ಪಾಚಿ. ಪಾಚಿಯೆಂಬ ಹೆಸರು ರೂಢಿಯಲ್ಲಿದ್ದರೂ ಇದು ವಾಸ್ತವವಾಗಿ ಒಂದು ಬಗೆಯ ಬ್ಯಾಕ್ಟೀರಿಯ. ಇದಕ್ಕೆ ಸಯನೊಬ್ಯಾಕ್ಟೀರಿಯವೆಂದು ಹೆಸರು. ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ ಭೂಮಿಯ ವಾಯುಮಂಡಲದಲ್ಲಿ ಆಮ್ಲಜನಕವನ್ನು ತುಂಬತೊಡಗಿದ ಕೀರ್ತಿ ಇದೇ ವಂಶಕ್ಕೆ ಸಲ್ಲುತ್ತದೆ. ಮೈಕ್ರೊಸಿಸ್ಟಿಸ್ ಎಂಬ ಜಾತಿಯ ಕೋಶಗಳೊಳಗೆ ಅನಿಲ ತುಂಬಿದ ಸೂಕ್ಷ್ಮ ಚೀಲಗಳಿರುತ್ತವೆ. ಅವುಗಳ ನೆರವಿನಿಂದ ಅದು ಮೇಲೆ ತೇಲಿಬಂದು ಬೆಳಕನ್ನು ತಾನೇ ಕಬಳಿಸಿ, ಕೆಳಗಿನ ಪಾಚಿಗಳನ್ನು ನೆರಳಿಗೆ ತಳ್ಳುತ್ತದೆ. ಅನಬೀನ ಎಂಬುದು ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳಬಲ್ಲದು. ಆದುದರಿಂದ ನೀರಿನಲ್ಲಿ ಸಾರಜನಕ ಮುಗಿದರೂ ಅದಕ್ಕೆ ಚಿಂತೆಯಿಲ್ಲ. ಡಾಫ್ನಿಯದಂಥ ಭಕ್ಷಕಗಳಿಗೆ ಇವು ಒಳ್ಳೆಯ ಆಹಾರವೂ ಅಲ್ಲ. ಹೀಗಾಗಿ ಇವನ್ನು ತಿಂದು ಕಡಿಮೆ ಮಾಡುವ ಜೀವಿಗಳು ವಿರಳ.

ಇದಕ್ಕಿಂತ ಕಳವಳಕಾರಿಯಾದ ಸಂಗತಿಯೆಂದರೆ, ಇವುಗಳಲ್ಲಿ ಕೆಲವು ವಿಷವನ್ನು ಉತ್ಪಾದಿಸುತ್ತವೆ. ಮೈಕ್ರೊಸಿಸ್ಟಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರ. ನೀರನ್ನು ಕುದಿಸಿದರೂ ಅದು ನಾಶವಾಗುವುದಿಲ್ಲ. ಅಮೆರಿಕ ಮತ್ತು ಕೆನಡ ದೇಶಗಳ ನಡುವೆ ಇರುವ ಈರಿ ಮಹಾಸರೋವರವು 1960ರ ದಶಕದಲ್ಲಿ ಅತಿಪೋಷಣೆಯಿಂದ ಕೆಟ್ಟಿತ್ತು. ಉಭಯ ದೇಶಗಳೂ 1972ರಲ್ಲಿ ಒಪ್ಪಂದ ಮಾಡಿಕೊಂಡು ಚರಂಡಿ ನೀರಿನ ಮತ್ತು ಮಾರ್ಜಕಗಳ ರಂಜಕವನ್ನು ತಗ್ಗಿಸಿದುದರಿಂದ ಸರೋವರವು ಚೇತರಿಸಿಕೊಂಡಿತು. ಆದರೆ ಕಾಲಕ್ರಮದಲ್ಲಿ ಹೊಲಗಳಿಂದ ಹರಿದುಬರುವ ಗೊಬ್ಬರದ ರಂಜಕವು ಆ ಲಾಭವನ್ನು ನುಂಗತೊಡಗಿತು. 2014ರ ಆಗಸ್ಟ್ ತಿಂಗಳಲ್ಲಿ ಸರೋವರದ ದಡದ ಟೊಲೀಡೊ ನಗರದ ನಲ್ಲಿ ನೀರಿನಲ್ಲಿ ಮೈಕ್ರೊಸಿಸ್ಟಿನ್ ಪತ್ತೆಯಾಯಿತು. ಸುಮಾರು ಐದು ಲಕ್ಷ ಜನರಿಗೆ ಮೂರು ದಿನಗಳ ಕಾಲ ನಲ್ಲಿಯ ನೀರನ್ನು ಕುಡಿಯಬಾರದೆಂದು ಸೂಚಿಸಬೇಕಾಯಿತು. ಸಮುದ್ರದಂತೆ ವಿಶಾಲವಾದ ಸಿಹಿನೀರಿನ ದಡದಲ್ಲಿದ್ದೂ ಆ ಜನರು ಸೀಸೆಯ ನೀರಿಗಾಗಿ ಅಂಗಡಿಗಳ ಮುಂದೆ ನಿಲ್ಲಬೇಕಾಯಿತು.

ಅತಿಪೋಷಿತ ಕೆರೆಯಲ್ಲಿ ಹಗಲಿಗೂ ಇರುಳಿಗೂ ಅಜಗಜಾಂತರ. ಮಧ್ಯಾಹ್ನದ ಬಿಸಿಲಿನಲ್ಲಿ ಪಾಚಿಯು ಧಾರಾಳವಾಗಿ ಆಮ್ಲಜನಕವನ್ನು ಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಉತ್ಪಾದನೆ ನಿಲ್ಲುತ್ತದೆ. ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಪಾಚಿ, ಮೀನು, ಬ್ಯಾಕ್ಟೀರಿಯ ಎಲ್ಲವೂ ಇರುಳಿಡೀ ಅದೇ ಅಲ್ಪ ದಾಸ್ತಾನಿನಿಂದ ಆಮ್ಲಜನಕವನ್ನು ಸೆಳೆಯುತ್ತವೆ. ಬೆಳಗಿನ ಜಾವದ ಹೊತ್ತಿಗೆ ದಾಸ್ತಾನು ಬರಿದಾಗುತ್ತದೆ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಚಡಪಡಿಸುವುದು ಆಗಲೇ. ಬೇಸಗೆಯಲ್ಲಿ ನೀರು ಇಳಿದು ಬಿಸಿಯಾಗಿರುವಾಗ ಮೋಡ ಕವಿದರೆ, ಅಥವಾ ಮೊದಲ ಮಳೆಯು ಚರಂಡಿಗಳ ಕೊಳೆಯನ್ನು ಒಮ್ಮೆಗೇ ತಂದು ಸುರಿದರೆ, ರಾತ್ರಿ ಕಳೆಯುವಷ್ಟರಲ್ಲಿ ಸಾವಿರಾರು ಮೀನುಗಳು ಸಾಯಬಹುದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದವು. ಚರಂಡಿ ನೀರು ಸೇರಿ ಆಮ್ಲಜನಕವು ಕುಸಿದದ್ದೇ ಅದಕ್ಕೆ ಕಾರಣವೆಂದು ಹೇಳಲಾಯಿತು.

ಆಮ್ಲಜನಕವು ಪೂರ್ಣವಾಗಿ ತೀರಿದ ಮೇಲೂ ಬ್ಯಾಕ್ಟೀರಿಯಗಳ ಕೆಲಸ ನಿಲ್ಲುವುದಿಲ್ಲ; ಕೆಲಸಗಾರರು ಬದಲಾಗುತ್ತಾರೆ. ಆಮ್ಲಜನಕವಿಲ್ಲದೆಯೇ ಬದುಕಬಲ್ಲ ಸೂಕ್ಷ್ಮಜೀವಿಗಳು ಕೆಸರನ್ನೂ ನೀರನ್ನೂ ಆಕ್ರಮಿಸುತ್ತವೆ. ಅವುಗಳಲ್ಲಿ ಕೆಲವು ಗಂಧಕದ ಲವಣಗಳಿಂದ ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಹೊರಡಿಸುತ್ತವೆ. ಕೆಟ್ಟ ಕೆರೆಯ ಬಳಿ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ನಾತವು ಇದರದೇ. ಮತ್ತೆ ಕೆಲವು ಉರಿಯುವ ಅನಿಲವಾದ ಮೀಥೇನನ್ನು ಉತ್ಪಾದಿಸುತ್ತವೆ. ಇಟಲಿಯ ವಿಜ್ಞಾನಿ ವೋಲ್ಟ 1776ರಲ್ಲಿ ಮಜೋರೆ ಸರೋವರದ ಕೆಸರನ್ನು ಕಲಕಿ, ಮೇಲೆದ್ದ ಗುಳ್ಳೆಗಳನ್ನು ಸಂಗ್ರಹಿಸಿ, ಅವು ಹೊತ್ತಿ ಉರಿಯುವುದನ್ನು ತೋರಿಸಿದ್ದನು.

ಬೆಂಗಳೂರಿನ ಅತಿದೊಡ್ಡ ಕೆರೆಯಾದ ಬೆಳ್ಳಂದೂರು ಕೆರೆಯ ಕಥೆ ಇಂತಹ ಅವನತಿಗೆ ನಿದರ್ಶನ. ಒಂದು ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಗದ್ದೆಗಳಿಗೆ ನೀರೊದಗಿಸುತ್ತಿದ್ದ ಈ ಕೆರೆಗೆ, ನಗರವು ಬೆಳೆದಂತೆ ಅದರ ಚರಂಡಿ ನೀರಿನ ದೊಡ್ಡ ಪಾಲು ರಾಜಕಾಲುವೆಗಳ ಮೂಲಕ ಬಂದು ಸೇರಿತು. ನೀರು ಕೋಡಿಯಲ್ಲಿ ಧುಮುಕುವಾಗ ಮಾರ್ಜಕಗಳ ದೆಸೆಯಿಂದ ಬೆಟ್ಟದಂತೆ ನೊರೆಯೆದ್ದು, ಗಾಳಿಗೆ ಹಾರಿ ರಸ್ತೆಯ ಮೇಲೆ ಬೀಳತೊಡಗಿತು. 2015ರ ಮೇ ತಿಂಗಳಲ್ಲಿ ಆ ನೊರೆಯೇ ಹೊತ್ತಿ ಉರಿಯಿತು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಕೆರೆಗೆ ಮತ್ತೆ ಬೆಂಕಿ ಬಿತ್ತು. ಕೊನೆಯ ಬಾರಿ ಅದನ್ನು ನಂದಿಸಲು ಸೈನಿಕರೂ ಶ್ರಮಿಸಬೇಕಾಯಿತು. ಕೆಸರಿನಿಂದ ಏಳುವ ಮೀಥೇನ್, ನೊರೆಯಲ್ಲಿ ಸೇರಿದ ಎಣ್ಣೆಜಿಡ್ಡು, ಒಣಗಿದ ಕಳೆ, ದಡದಲ್ಲಿ ಸುರಿದ ಕಸ ಇವೆಲ್ಲವನ್ನೂ ಈ ಬೆಂಕಿಗಳಿಗೆ ಕಾರಣವೆಂದು ಹೇಳಲಾಗಿದೆ. ಬೆಂಕಿಯನ್ನು ಆರಿಸುವ ನೀರಿಗೇ ಬೆಂಕಿ ಬಿದ್ದುದನ್ನು ಜಗತ್ತು ಅಚ್ಚರಿಯಿಂದ ನೋಡಿತು. ಈ ಕೆರೆಯ ನೀರು ಮುಂದೆ ವರ್ತೂರು ಕೆರೆಗೂ ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೂ ಹರಿದು ತಮಿಳುನಾಡನ್ನು ಸೇರುತ್ತದೆ. ಹೀಗೆ ಒಂದೂರಿನ ಕೊಳೆ ಇನ್ನೊಂದೂರಿನ ಪಾಲಾಗುತ್ತದೆ.

ಚರಂಡಿ ನೀರನ್ನು ನಿಲ್ಲಿಸಿದ ಮಾತ್ರಕ್ಕೆ ಕೆರೆಯು ಮರುದಿನವೇ ತಿಳಿಯಾಗುವುದೇ? ಹಾಗಾಗುವುದು ಅಪರೂಪ. ವರ್ಷಗಳ ಕಾಲ ಬಂದ ರಂಜಕದ ಬಹುಭಾಗವು ತಳದ ಹೂಳಿನಲ್ಲಿ ಸಂಗ್ರಹವಾಗಿರುತ್ತದೆ. ಕೆಸರಿನ ಮೇಲಣ ನೀರಿನಲ್ಲಿ ಆಮ್ಲಜನಕವಿರುವವರೆಗೆ ಕಬ್ಬಿಣದ ಸಂಯುಕ್ತಗಳು ಆ ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತವೆ. ಆಮ್ಲಜನಕವು ಹೋದೊಡನೆ ಆ ಹಿಡಿತ ಸಡಿಲವಾಗಿ ರಂಜಕವು ಪುನಃ ನೀರಿಗೆ ಬರುತ್ತದೆ. ಅದರಿಂದ ಮತ್ತೆ ಪಾಚಿ, ಪಾಚಿಯ ಕೊಳೆತದಿಂದ ಮತ್ತೆ ಆಮ್ಲಜನಕದ ನಾಶ. ಹೀಗೆ ಕೆರೆಯು ತನ್ನ ಹಳೆಯ ಸಾಲವನ್ನು ಬಹುಕಾಲ ತೀರಿಸುತ್ತಲೇ ಇರಬೇಕಾಗುತ್ತದೆ. ಹಿಂದಿನ ಕಾಲದಲ್ಲಿ ರೈತರು ಬೇಸಗೆಯಲ್ಲಿ ಕೆರೆಯ ಹೂಳನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಸಾಗಿಸುತ್ತಿದ್ದರು. ಅದರಿಂದ ಕೆರೆಯ ಆಳವೂ ಉಳಿಯುತ್ತಿತ್ತು. ಹೊಲದಿಂದ ಕೊಚ್ಚಿಬಂದ ಪೋಷಕಾಂಶವು ಹೊಲಕ್ಕೇ ಹಿಂದಿರುಗುತ್ತಿತ್ತು. ವಿಜ್ಞಾನದ ಪರಿಭಾಷೆ ತಿಳಿಯದಿದ್ದರೂ ಅವರ ಆಚರಣೆಯಲ್ಲಿ ವಿಜ್ಞಾನವಿತ್ತು.

ಕೆಟ್ಟ ಸರೋವರವು ಮತ್ತೆ ಒಳ್ಳೆಯದಾಗಬಲ್ಲದೆಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ಬಳಿಯ ವಾಷಿಂಗ್ಟನ್ ಸರೋವರವು ಪ್ರಸಿದ್ಧವಾದ ಉದಾಹರಣೆ. 1950ರ ದಶಕದಲ್ಲಿ ಸುಮಾರು ಹತ್ತು ಶುದ್ಧೀಕರಣ ಘಟಕಗಳಿಂದ ಹೊರಟ ಚರಂಡಿ ನೀರು ಅದನ್ನು ಸೇರುತ್ತಿತ್ತು. ಆ ನೀರು ಸಂಸ್ಕರಣೆ ಹೊಂದಿದ್ದರೂ ಅದರಲ್ಲಿ ರಂಜಕವು ಉಳಿದೇ ಇತ್ತು. 1955ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ವಿಜ್ಞಾನಿ ಎಡ್ಮಂಡ್ಸನ್ ಮತ್ತು ಆತನ ಸಹೋದ್ಯೋಗಿಗಳು ನೀರಿನಲ್ಲಿ ನೀಲಿಹಸಿರು ಪಾಚಿಯ ಒಂದು ಜಾತಿಯನ್ನು ಕಂಡರು. ಯೂರೋಪಿನ ಕೆಲವು ಸರೋವರಗಳು ಕೆಡುವ ಮುನ್ನ ಕಾಣಿಸಿಕೊಂಡಿದ್ದ ಜಾತಿಯೇ ಅದು. ಮುಂದೊದಗುವ ವಿಪತ್ತನ್ನು ಅವರು ಜನರಿಗೆ ಸರಳವಾಗಿ ವಿವರಿಸಿದರು. 1958ರಲ್ಲಿ ನಾಗರಿಕರು ತಮ್ಮ ಮೇಲೆ ಬೀಳುವ ಖರ್ಚನ್ನು ಅರಿತೂ, ಚರಂಡಿ ನೀರನ್ನು ಬೇರೆಡೆಗೆ ತಿರುಗಿಸುವ ಯೋಜನೆಗೆ ಮತದಾನದ ಮೂಲಕ ಒಪ್ಪಿಗೆ ನೀಡಿದರು. 1963ರಲ್ಲಿ ಪ್ರಾರಂಭವಾದ ಆ ಕಾರ್ಯವು 1968ರಲ್ಲಿ ಮುಗಿಯಿತು.

ಸರೋವರದ ತಿಳಿತನವನ್ನು ಅಳೆಯಲು ಒಂದು ಸುಲಭ ಸಾಧನವಿದೆ. ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಕಣ್ಮರೆಯಾಗುವ ಆಳವನ್ನು ಗುರುತಿಸುತ್ತಾರೆ. ಇಟಲಿಯ ಸೆಕ್ಕಿ ಎಂಬಾತನು 1865ರಲ್ಲಿ ಬಳಕೆಗೆ ತಂದ ವಿಧಾನವಿದು. ವಾಷಿಂಗ್ಟನ್ ಸರೋವರವು ಅತ್ಯಂತ ಕೆಟ್ಟಿದ್ದಾಗ ಬೇಸಗೆಯಲ್ಲಿ ಈ ತಟ್ಟೆಯು ಸುಮಾರು ಒಂದು ಮೀಟರ್ ಆಳದಲ್ಲಿಯೇ ಮರೆಯಾಗುತ್ತಿತ್ತು. 1970ರ ದಶಕದ ಪ್ರಾರಂಭದಲ್ಲಿ ಮೂರು ಮೀಟರ್ ಆಳದವರೆಗೆ ಕಾಣತೊಡಗಿತು. 1976ರಲ್ಲಿ ಡಾಫ್ನಿಯಗಳು ಹೇರಳವಾಗಿ ಬೆಳೆದು ಪಾಚಿಯನ್ನು ತಿನ್ನತೊಡಗಿದ ಮೇಲೆ ನೀರು ಇನ್ನೂ ತಿಳಿಯಾಯಿತು. ಆ ಸರೋವರವು 65 ಮೀಟರಿನಷ್ಟು ಆಳವಾದುದು. ಅದು ಪೂರ್ತಿ ಕೆಡುವ ಮೊದಲೇ ಜನರು ಎಚ್ಚೆತ್ತಿದ್ದರು. ಆದುದರಿಂದ ಚೇತರಿಕೆಯೂ ಬೇಗನೆ ಆಯಿತು. ಆಳವಿಲ್ಲದ, ಹೂಳು ತುಂಬಿದ ಕೆರೆಗಳಿಗೆ ಇದಕ್ಕಿಂತ ಹೆಚ್ಚಿನ ತಾಳ್ಮೆಯೂ ಶ್ರಮವೂ ಬೇಕು.

ಕೆರೆಗಳನ್ನು ಉಳಿಸುವ ಉಪಾಯಗಳಲ್ಲಿ ಚರಂಡಿ ನೀರಿನ ಸಂಸ್ಕರಣೆಯೇ ಮುಖ್ಯವಾದುದು. ಅಲ್ಲಿಯೂ ಮನುಷ್ಯನಿಗೆ ನೆರವಾಗುವುದು ಬ್ಯಾಕ್ಟೀರಿಯವೇ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು, ಚರಂಡಿ ನೀರಿಗೆ ಗಾಳಿಯೂದಿ ಬ್ಯಾಕ್ಟೀರಿಯಭರಿತ ಕೆಸರನ್ನು ಬೆಳೆಸಿ, ಅದರಿಂದಲೇ ನೀರನ್ನು ಶುದ್ಧಿಗೊಳಿಸುವ ಕ್ರಮವನ್ನು ಪ್ರಕಟಿಸಿದರು. ಕೆರೆಯಲ್ಲಿ ಆಮ್ಲಜನಕವನ್ನು ಬರಿದು ಮಾಡುವ ಜೀವಿಗಳೇ ತೊಟ್ಟಿಯಲ್ಲಿ ಹಿತಕಾರಿಗಳಾಗುತ್ತವೆ. ಏಕೆಂದರೆ ಅಲ್ಲಿ ಅವುಗಳಿಗೆ ಬೇಕಾದ ಗಾಳಿಯನ್ನು ಯಂತ್ರವು ಒದಗಿಸುತ್ತದೆ. ಈ ಕ್ರಮವು ಕೊಳೆಯುವ ವಸ್ತುವನ್ನು ಬಹುಮಟ್ಟಿಗೆ ತೊಲಗಿಸುತ್ತದೆ. ಸಾರಜನಕ ಮತ್ತು ರಂಜಕಗಳನ್ನು ತೆಗೆಯಲು ಮತ್ತಷ್ಟು ಸಂಸ್ಕರಣೆ ಅವಶ್ಯ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನು ಜೊಂಡು ಬೆಳೆದ ಜೌಗು ಪ್ರದೇಶದ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಮಾಡಲಾಗಿದೆ. ಅಲ್ಲಿನ ಸಸ್ಯಗಳೂ ಅವುಗಳ ಬೇರಿನ ಸುತ್ತ ನೆಲೆಸಿದ ಬ್ಯಾಕ್ಟೀರಿಯಗಳೂ ಪೋಷಕಾಂಶಗಳ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಬೆಳೆದ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ, ಅದು ಅಲ್ಲಿಯೇ ಕೊಳೆತು ಪಡೆದುದನ್ನು ಮತ್ತೆ ನೀರಿಗೆ ಒಪ್ಪಿಸುತ್ತದೆ.

ಈ ತಿಳಿವಳಿಕೆಯು ಇಂದು ಕರ್ನಾಟಕಕ್ಕೆ ಅತ್ಯಂತ ಪ್ರಸ್ತುತವಾಗಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಬರಪೀಡಿತ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬಹುಕಾಲ ಒಣಗಿದ್ದ ಕೆರೆಗಳು ತುಂಬಿದುದು ರೈತರಿಗೆ ಸಂತೋಷದ ಸಂಗತಿ. ಅದರೊಡನೆ, ನೀರಿನಲ್ಲಿ ಉಳಿದಿರಬಹುದಾದ ಪೋಷಕಾಂಶಗಳ ವಿಷಯವಾಗಿ ಎಚ್ಚರವೂ ಅಗತ್ಯ. ತುಂಬಿದ ಕೆರೆಯೆಲ್ಲ ಆರೋಗ್ಯವಂತ ಕೆರೆಯಲ್ಲ. ಅದು ಎಷ್ಟು ತುಂಬಿದೆಯೆಂಬ ಪ್ರಶ್ನೆಯೊಡನೆ ಏನು ತುಂಬಿದೆಯೆಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಕೆರೆಯಲ್ಲಿರುವ ಬ್ಯಾಕ್ಟೀರಿಯಗಳಿಗೆ ಹಗೆತನವೂ ತಿಳಿಯದು, ಕರುಣೆಯೂ ತಿಳಿಯದು. ಮನುಷ್ಯನು ಏನನ್ನು ಕೊಡುವನೋ ಅದಕ್ಕೆ ತಕ್ಕಂತೆ ಅವು ದುಡಿಯುತ್ತವೆ. ಮಿತವಾಗಿ ಕೊಟ್ಟಾಗ ನೀರನ್ನು ತಿಳಿಗೊಳಿಸುತ್ತವೆ. ಅತಿಯಾಗಿ ಸುರಿದಾಗ ಅದರ ಉಸಿರನ್ನೇ ಮುಗಿಸುತ್ತವೆ. ಮನೆಯ ಬಚ್ಚಲಿನ ನೀರು ಎಲ್ಲಿ ಹೋಗುತ್ತದೆ, ಹೊಲಕ್ಕೆ ಹಾಕಿದ ಗೊಬ್ಬರದಲ್ಲಿ ಬೆಳೆಗೆ ದಕ್ಕಿದ್ದೆಷ್ಟು, ಊರ ಕೆರೆಯಲ್ಲಿ ಇಳಿಬಿಟ್ಟ ಬಿಳಿಯ ತಟ್ಟೆ ಎಷ್ಟು ಆಳದವರೆಗೆ ಕಾಣುತ್ತದೆ ಎಂಬುದನ್ನು ಊರಿನವರು ತಿಳಿದಿರಬೇಕು. ಕೆರೆಯನ್ನು ಕಟ್ಟಿಸಿದವರು ಅದನ್ನು ಮುಂದಿನ ಪೀಳಿಗೆಗಳಿಗಾಗಿ ಕಟ್ಟಿಸಿದರು. ಅದನ್ನು ಜೀವಂತವಾಗಿ ಮುಂದಿನವರ ಕೈಗೊಪ್ಪಿಸುವ ಹೊಣೆ ಇಂದು ಅದರ ದಡದಲ್ಲಿ ಬಾಳುವವರ ಮೇಲಿದೆ.